ಅರ್ಲೀನ್ ನಿಧಾನವಾಗಿ ಹಾಡಲು ಹೋದದ್ದು

ಅರ್ಲೀನಳ ತಮ್ಮ ಕ್ಲಿಯೋಫಸ್‌ನನ್ನು ಮಣ್ಣು ಮಾಡಿ ಬಂದವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು. ಕರಿದ ಕೋಳಿ, ಬೇಯಿಸಿದ ಸೊಪ್ಪು, ಗೆಣಸಿನ ಪೈ. ಉತ್ತರ ಫಿಲಡೆಲ್ಫಿಯಾದಲ್ಲಿ ಸಾವಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಪದ್ಧತಿಯಿಲ್ಲ. ಅರ್ಲೀನ್ ಮಾತ್ರ ತಟ್ಟೆ ಮುಟ್ಟಿರಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ: 'ಬಾಗಿಲು ತೆಗೆದೇ ಇದೆ' ಹಾಡನ್ನು ಇವತ್ತೊಮ್ಮೆ, ತಾನು ಕಟ್ಟಿದ ಹಾಗೇ, ನಿಧಾನವಾಗಿ ಹಾಡಬೇಕು.

ಆ ಹಾಡು ಗೊತ್ತಿಲ್ಲದವರು ಯಾರು? ಎಪ್ಪತ್ತೇಳನೇ ಇಸವಿಯಲ್ಲಿ ಅದನ್ನು ಹಾಕದ ಡಿಸ್ಕೋ ಇರಲಿಲ್ಲ. ಈಗಲೂ ಮದುವೆಗೆ ಅದೇ, ಸೋಪಿನ ಜಾಹೀರಾತಿಗೂ ಅದೇ. ಅಪ್ಪನ ಜತೆ ಜಗಳವಾಡಿ ಮನೆ ಬಿಟ್ಟ ಕ್ಲಿಯೋಫಸ್‌ನನ್ನು ಕರೆಯಲೆಂದು ಅವಳು ಅತ್ತುಕೊಂಡು ಕಟ್ಟಿದ ಹಾಡು ಅದು. ರೆಕಾರ್ಡಿಂಗಿನ ದಿನ ನಿರ್ಮಾಪಕ, "ಅಳೋದನ್ನ ಯಾರಮ್ಮ ಕೊಂಡ್ಕೋತಾರೆ? ಕಾಲು ಕುಣೀಬೇಕು" ಎಂದು ಡ್ರಮ್ಮಿನ ತಾಳವನ್ನು ಓಡಿಸಿದ. ಹಾಡು ಓಡಿದ್ದೇ ಓಡಿದ್ದು. ಹೆಸರು ಬಂತು, ದುಡ್ಡು ಬಂತು, ತಮ್ಮ ಬರಲಿಲ್ಲ.

ಬಂದದ್ದು ಅವ್ವ ತೀರಿಕೊಂಡ ಮೇಲೆ. "ಅಕ್ಕಾ, ಡೆಟ್ರಾಯಿಟ್‌ನಲ್ಲಿ ಶನಿವಾರ ಶನಿವಾರ ನಿನ್ನ ಹಾಡಿಗೆ ಕುಣೀತಿದ್ದೆ ಕಣೆ. ಎಂಥಾ ಮಜಾ ಹಾಡು!" ಎಂದ. ಕರೆದದ್ದು ನಿನ್ನನ್ನೇ ಕಣೋ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವ್ವನ ಮುಖ ನೋಡಲಾಗದ ಸಂಕಟದಲ್ಲಿದ್ದವನ ಮೇಲೆ ಇದನ್ನೂ ಹೇರುವುದು ಹೇಗೆ? ಹಾಗೇ ಉಳಿಯಿತು.

"ಅತ್ತೆ, ಅಪ್ಪನಿಗೋಸ್ಕರ ಒಂದು ಹಾಡಿ" ಎಂದಳು ಕ್ಲಿಯೋಫಸ್‌ನ ಮಗಳು ಜೊನೆಟ್.

"ಹಾಡ್ತೀನಿ. ಆದ್ರೆ ನಿಧಾನಕ್ಕೆ. ಯಾರೂ ಚಪ್ಪಾಳೆ ತಟ್ಟಬಾರ್ದು."

"ನಿಮ್ಮ ಹಾಡಿಗೆ ಚಪ್ಪಾಳೆ ಬೇಡ ಅನ್ನೋದು, ಕೋಳಿಗೆ ಉಪ್ಪು ಬೇಡ ಅಂದಂಗಾಯ್ತು ಸಿಸ್ಟರ್" ಎಂದರು ಚರ್ಚಿನ ಹಿರಿಯ ಥರ್ಲೋ. ಎಲ್ಲರೂ ನಕ್ಕು ಸುಮ್ಮನಾದರು.

ಮೊದಲ ಸಾಲು ಅವಳಂದುಕೊಂಡ ಹಾಗೇ ಬಂತು. ಚಮಚದ ಸದ್ದೂ ನಿಂತಿತು. ಜೊನೆಟ್ ಹುಬ್ಬು ಗಂಟಿಕ್ಕಿ, ಹೊಸ ಹಾಡನ್ನು ಕೇಳುವಂತೆ ಕೇಳತೊಡಗಿದಳು. ಎರಡನೆಯ ಸಾಲಿಗೆ, 'ಬಾರೋ' ಎನ್ನುವಲ್ಲಿ, ಅಳು ಬಂದು ಅರ್ಲೀನ್ ಹಾಡನ್ನು ಅರ್ಧಕ್ಕೇ ಬಿಟ್ಟಳು.

ಹಾಡುವವಳು ಕುಸಿದರೆ ಕೈಬಿಡುವ ಜನವಲ್ಲ ಅದು. "ಪರವಾಗಿಲ್ಲ ಸಿಸ್ಟರ್, ನಾವಿದ್ದೀವಿ" ಎಂದು ಹಿಂದಿನಿಂದ ಯಾರೋ ಅಂದರು. ಒಂದು ಚಪ್ಪಾಳೆ, ಹಿಂದೆಯೇ ಹತ್ತು. ಅವಳು ಬಿಟ್ಟ ಸಾಲನ್ನು ಎಲ್ಲರೂ ಸೇರಿ ಎತ್ತಿಕೊಂಡರು, ತಮಗೆ ಗೊತ್ತಿದ್ದ ಓಟದಲ್ಲೇ. ಬೇಡವೆಂದು ಅವಳು ಕೈಯೆತ್ತಿದಳು. ಅವರು ಹುರುಪಿಗೆ ಎತ್ತಿದ್ದೆಂದುಕೊಂಡರು. ಪ್ರೀತಿಯಿಂದ ಕಿತ್ತುಕೊಳ್ಳುವವರ ಹತ್ತಿರ ಯಾರು ತಾನೇ ಜಗಳವಾಡಿಯಾರು?

ಕುರ್ಚಿಗಳು ಗೋಡೆಗೆ ಸರಿದವು, ಜನ ಕುಣಿಯಲು ಸಾಲುಸಾಲಾಗಿ ನಿಂತರು. ಅತ್ತು ಕೆಂಪಾದ ಕಣ್ಣಲ್ಲೇ ನಗುತ್ತ ಜೊನೆಟ್ ಅವಳ ಕೈ ಹಿಡಿದೆಳೆದಳು.

"ಬನ್ನಿ ಅತ್ತೆ. ಅಪ್ಪ ಇದ್ದಿದ್ರೆ ಮೊದಲನೇ ಸಾಲಲ್ಲೇ ಇರ್ತಿದ್ರು."

ಅದು ನಿಜವೇ ಆಗಿತ್ತು. ಅರ್ಲೀನ್ ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ನಿಂತಳು. ಬೇಡವೆಂದರೂ ಕೇಳದೆ ಅವಳ ಕಾಲು ತಾನಾಗಿ ಹೆಜ್ಜೆ ಹಾಕತೊಡಗಿತು. ಒಂದು ಹೆಜ್ಜೆಯೂ ತಪ್ಪಲಿಲ್ಲ.