ಬೀಗದ ಮೇಸ್ತ್ರಿಯ ಅರ್ಧ ಟಿಕೆಟ್ಟು

ಊರವರ ಬೀಗಗಳನ್ನೆಲ್ಲ ತೆಗೆದುಕೊಟ್ಟು ಹೊಟ್ಟೆ ಹೊರೆಯುವ ಮನುಷ್ಯ ತನ್ನ ಮನೆಯ ಬಾಗಿಲಿಗೆ ಮಾತ್ರ ನಾಲ್ಕು ಬೀಗ ಜಡಿದಿದ್ದ. ಒಳಗೆ ಚಿನ್ನವಿದೆ ಅಂದುಕೊಂಡಿರಾದರೆ ನೀವು ಮೋಸಹೋದಿರಿ. ಅವು ಹೊರಗಿನವರು ಒಳಗೆ ಬಾರದಿರಲಿ ಎಂದು ಹಾಕಿದ ಬೀಗಗಳಲ್ಲ. ಒಳಗಿರುವವಳು ಹೊರಗೆ ಹೋಗದಿರಲಿ ಎಂದು ಹಾಕಿದವು. ಒಳಗಿರುವವಳಿಗೆ ಒಂಬತ್ತು ವರ್ಷ.

ಬೀಗದ ಮೇಸ್ತ್ರಿಯ ಮಗಳು ಮಾತಾಡುತ್ತಿರಲಿಲ್ಲ, ಓಡುತ್ತಿದ್ದಳು. ಬಾಗಿಲು ಒಂದು ಗೇಣು ತೆರೆದರೆ ಸಾಕು, ಕಾಲಿಗೆ ಬುದ್ಧಿ ಹೇಳಿಬಿಡುತ್ತಿದ್ದಳು. ಬೀದಿಯವರು ಅವಳಿಗೆ ಪಾದರಸ ಎಂದು ಹೆಸರಿಟ್ಟಿದ್ದರು. ಡಾಕ್ಟರು ಬೇರೊಂದು ಹೆಸರು ಹೇಳಿದ್ದರು, ಅದು ಚೀಟಿಯಲ್ಲಿ ಎರಡು ಸಾಲು ಹಿಡಿದಿತ್ತು. ಕಾಯಿಲೆಯ ಹೆಸರು ಅಷ್ಟುದ್ದ, ಹೇಳಿದ ಉಪಾಯ ಮಾತ್ರ ಇಷ್ಟೇ: ಚೆನ್ನಾಗಿ ನೋಡಿಕೊಳ್ಳಿ. ಅಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡ. ಆದರೂ ಹೋದ ವರ್ಷ ಒಂದು ಮಧ್ಯಾಹ್ನ ಅವಳು ಅಂಗಡಿಯಿಂದ ತಪ್ಪಿಸಿಕೊಂಡು ದೊಡ್ಡ ರಸ್ತೆಗೆ ಓಡಿದಳು. ಲಾರಿಯೊಂದು ಅವಳ ಮುಂದೆ ಒಂದು ಮಾರು ದೂರದಲ್ಲಿ ಕಿರುಚಿ ನಿಂತಿತು. ಲಾರಿಯ ಡ್ರೈವರು ಇಳಿದು ಬಂದು ಬೈಯಲಿಲ್ಲ. ಚಕ್ರದ ಪಕ್ಕ ಕುಳಿತು ವಾಂತಿ ಮಾಡಿಕೊಂಡ. ಮೇಸ್ತ್ರಿಗೆ ಆ ಡ್ರೈವರನ ಮುಖ ಈಗಲೂ ಮರೆತುಹೋಗಿಲ್ಲ.

ಅಂದಿನಿಂದ ಮಗಳ ಮಣಿಕಟ್ಟು ಅವನ ಎಡಗೈಯಲ್ಲಿ. ಕೈಯಲ್ಲ, ಮಣಿಕಟ್ಟು. ಬೆವರಿದರೆ ಕೈ ಜಾರೀತು, ಮಣಿಕಟ್ಟು ಜಾರದು ಎಂಬುದು ಅವನ ವಾದ. ಅಂಗಡಿಯಲ್ಲಿ ಚಾವಿ ಉಜ್ಜುವಾಗಲೂ ಬಲಗೈಯಲ್ಲಿ ಅರ, ಎಡಗೈಯಲ್ಲಿ ಮಗಳು. ಮನೆಗೆ ಬಂದು ನಾಲ್ಕು ಬೀಗ ತೆಗೆದು, ಒಳಗೆ ಹೋಗಿ ಮತ್ತೆ ನಾಲ್ಕೂ ಹಾಕಿ, ಅವಳು ಚಪ್ಪಲಿ ಬಿಟ್ಟ ಮೇಲೆಯೇ ಆ ಕೈ ಸಡಿಲವಾಗುತ್ತಿತ್ತು. ಹೀಗೆ ಒಂದು ವರ್ಷ ಯಾರೂ ಸಾಯಲಿಲ್ಲ, ಯಾರೂ ನಗಲೂ ಇಲ್ಲ.

ಹೆಂಡತಿಗೆ ಬ್ರೆಡ್ಡಿನ ಬೇಕರಿಯಲ್ಲಿ ಕೆಲಸ. ಹಳೇ ಅಂಚೆ ಕಚೇರಿಯ ಕೋಣೆಯ ಸುದ್ದಿ ತಂದವಳು ಅವಳೇ. ಅಲ್ಲಿ ಪ್ರತಿ ಶನಿವಾರ ಮೂರರಿಂದ ಐದರವರೆಗೆ ಇಂಥ ಮಕ್ಕಳ ಮನೆಯವರು ಸೇರುತ್ತಾರಂತೆ, ಮಕ್ಕಳಿಗೆ ಆಟವಂತೆ, ದೊಡ್ಡವರಿಗೆ ಉಸಿರಾಡಲು ಬಿಡುವಂತೆ. ಶನಿವಾರ ತನಗೆ ಪಾಳಿ ಇರುವುದರಿಂದ ಅವನೇ ಕರೆದೊಯ್ಯಬೇಕು ಎಂದಳು. ಅವನು ಆಗದು ಎಂದ. ಅವಳು ಆಗಬೇಕು ಎಂದಳು. ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈಯವಳ ಮುಂದೆ ಅವನ ಮಾತು ಯಾವತ್ತೂ ನಿಂತದ್ದಿಲ್ಲ.

ಕೋಣೆಯನ್ನು ನಡೆಸುತ್ತಿದ್ದವರು ಕಂಡಕ್ಟರಜ್ಜ. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಅವರ ನಲವತ್ತು ವರ್ಷದ ಮಗನೂ ಈ ಮಕ್ಕಳಲ್ಲಿ ಒಬ್ಬ. ಪತ್ರ ಇಡುತ್ತಿದ್ದ ಗೂಡುಗಳಲ್ಲಿ ಈಗ ಮಕ್ಕಳ ಚಪ್ಪಲಿ, ಸ್ಟಾಂಪು ಮಾರುತ್ತಿದ್ದ ಕಿಟಕಿಯಲ್ಲಿ ಬಣ್ಣದ ಡಬ್ಬಿ, ಪಾರ್ಸೆಲ್ಲು ತೂಗುತ್ತಿದ್ದ ಮೂಲೆಯಲ್ಲಿ ಕುಣಿಯಲು ಒಂದು ದಪ್ಪ ಹಾಸಿಗೆ. ಇಷ್ಟನ್ನೆಲ್ಲ ಮೇಸ್ತ್ರಿ ಒಪ್ಪಬಹುದಿತ್ತು. ಒಪ್ಪಲಾಗದ್ದು ಅಲ್ಲಿನ ಎರಡು ಕಟ್ಟಳೆ.

ಮೊದಲನೆಯದು: ಅಲ್ಲಿ ಯಾರೂ ತಮ್ಮ ಮಗುವನ್ನು ತಾವು ನೋಡಿಕೊಳ್ಳುವಂತಿಲ್ಲ. ಬಾಗಿಲಲ್ಲೇ ಅದಲು ಬದಲು. ಅಜ್ಜನ ಮಗ ಹಳೇ ಟಿಕೆಟ್ಟನ್ನು ಒಂದೆಳೆಯೂ ಆಚೀಚೆಯಾಗದಂತೆ ನಡುವೆ ಹರಿದು, ಅರ್ಧವನ್ನು ಮಗುವಿನ ಅಂಗಿಗೆ ಪಿನ್ನು ಮಾಡಿ, ಇನ್ನರ್ಧ ಹೆತ್ತವರ ಕೈಗೆ ಕೊಡುತ್ತಿದ್ದ. ಹೋಗುವಾಗ ಎರಡೂ ಅರ್ಧ ಕೂಡಿದರೇ ರೈಟ್. ಎರಡನೆಯದು: ಬಾಗಿಲು ಮುಚ್ಚುವಂತಿಲ್ಲ. ಮುಚ್ಚಿದ ಬಾಗಿಲು ಕಂಡರೆ ಕಂಗಾಲಾಗುವ ಮಕ್ಕಳು ಅಲ್ಲಿ ಇಬ್ಬರಿದ್ದರು.

ಮುಚ್ಚದ ಬಾಗಿಲು ಎಂಬ ಮಾತೇ ಮೇಸ್ತ್ರಿಯ ಕಸುಬಿಗೆ ಮಾಡಿದ ಅವಮಾನದಂತೆ ಕೇಳಿಸಿತು. ತಾನೇ ಒಂದು ಒಳ್ಳೆಯ ಬೀಗ ಹಾಕಿಕೊಡುತ್ತೇನೆ, ಪುಕ್ಕಟೆ, ಎಂದ. ಅಜ್ಜ ಬಾಗಿಲ ಬಳಿಯ ಕುರ್ಚಿ ತೋರಿಸಿ, ಚಲಿಸುವ ಬಸ್ಸಿನ ಬಾಗಿಲಲ್ಲೇ ಒಬ್ಬರನ್ನೂ ಬೀಳಗೊಡದವನು ತಾನು, ಇದು ನಿಂತ ಕೋಣೆ ಎಂದರು. ಕೊನೆಗೆ ಮೇಸ್ತ್ರಿ ಒಂದು ಷರತ್ತು ಹಾಕಿದ.

“ಒಂದೇ ಒಂದು ಸಲ ಈ ಹೊಸಿಲು ದಾಟಿ ಹೇಳದೆ ಕೇಳದೆ ಹೋದ್ರೆ ಮುಗೀತು. ಮತ್ತೆ ಈ ಕಡೆ ತಲೆ ಹಾಕಲ್ಲ.”

“ಆಗ್ಲಿ, ಹೊಸಿಲೇ ಸಾಕ್ಷಿ,” ಎಂದರು ಅಜ್ಜ.

ಅವನ ಮಗಳು ಅಲ್ಲಿಗೆ ಬರುತ್ತಿದ್ದ ಟೈಲರಮ್ಮನ ಪಾಲಿಗೆ ಹೋದಳು. ಟೈಲರಮ್ಮನ ಮಗ ಇವನ ಪಾಲಿಗೆ ಬಂದ. ಹನ್ನೆರಡು ವರ್ಷದ ಹುಡುಗ, ಗಾಲಿಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಎದುರಿಗಿರುವವರ ಅರ್ಜಿ ತಿರಸ್ಕರಿಸುವವನ ಹಾಗೆ ಕೂರುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಸಾಹೇಬರು ಎನ್ನುತ್ತಿದ್ದರು. ಮೊದಲ ಶನಿವಾರ ಸಾಹೇಬರು ಮೇಸ್ತ್ರಿಯ ಕಡೆ ನೋಡಲಿಲ್ಲ, ಮೇಸ್ತ್ರಿ ಸಾಹೇಬರ ಕಡೆ ನೋಡಲಿಲ್ಲ. ಅವನ ಜೀವವೆಲ್ಲ ಮಗಳ ಮೇಲೆ. ಟೈಲರಮ್ಮ ಅವಳನ್ನು ಹಿಡಿದುಕೊಂಡೇ ಇರಲಿಲ್ಲ. ಸೂಜಿಯ ಹಿಂದೆ ನೂಲು ಹೋದ ಹಾಗೆ ಹುಡುಗಿ ಹೋದಲ್ಲಿಗೆಲ್ಲ ಸುಮ್ಮನೆ ಹಿಂದೆ ಹೋಗುತ್ತಿದ್ದಳು. ಮಗಳು ಹಾಸಿಗೆಯ ಮೇಲೆ ಕುಣಿದಳು. ಹತ್ತು ಸಲ, ನೂರು ಸಲ. ಆಮೇಲೆ ನಕ್ಕಳು. ಲಾರಿಯ ಮಧ್ಯಾಹ್ನದಿಂದ ಅವನು ಕೇಳಿರದ ನಗು. ಮೇಸ್ತ್ರಿಗೆ ಖುಷಿಯಾಯಿತು, ಹಿಂದೆಯೇ ಹೆದರಿಕೆಯೂ ಆಯಿತು: ಈಗ ಇವಳೇನಾದರೂ ಹೊಸಿಲು ದಾಟಿದರೆ ಈ ನಗುವಿಗೂ ತಾನೇ ಬೀಗ ಹಾಕಬೇಕಾಗುತ್ತದಲ್ಲ.

ಮೂರನೆಯ ಶನಿವಾರ, ಕೈ ಸುಮ್ಮನಿರಲಾರದೆ, ಅಂಗಡಿಯ ಹಳೇ ಡಬ್ಬಿ ತಂದ. ಅದರಲ್ಲಿ ಇಪ್ಪತ್ತು ಬೀಗ, ಯಾವುದು ಯಾವ ಬೀಗದ್ದೆಂದು ದೇವರಿಗೂ ಗೊತ್ತಿಲ್ಲದ ಮುನ್ನೂರು ಚಾವಿ. ಸಾಹೇಬರು ಮೊದಲ ಬಾರಿಗೆ ತಲೆ ತಗ್ಗಿಸಿ ನೋಡಿದರು. ಒಂದು ಚಾವಿ ಎತ್ತಿ ಅದರ ಹಲ್ಲಿನ ಮೇಲೆ ಬೆರಳಾಡಿಸಿದರು, ಕೆಳಗಿಟ್ಟರು, ಇನ್ನೊಂದು ಎತ್ತಿದರು. ಮೇಸ್ತ್ರಿಯ ಬೆನ್ನು ನೆಟ್ಟಗಾಯಿತು. ಅವನ ಹತ್ತಿರ ಕೆಲಸ ಕಲಿಯಲು ಬಂದವರೆಲ್ಲ ಕಣ್ಣಿಂದ ಚಾವಿ ಹುಡುಕುತ್ತಿದ್ದರು. ತನ್ನ ಗುರುವನ್ನು ಬಿಟ್ಟರೆ ಬೆರಳಿಂದ ಹುಡುಕುವವರನ್ನು ಅವನು ಕಂಡದ್ದು ಇದೇ ಮೊದಲು. ಅವರು ಹೇಳಿಕೊಟ್ಟದ್ದೂ ಹಾಗೆಯೇ.

ಐದನೆಯ ಶನಿವಾರದ ಹೊತ್ತಿಗೆ ಹತ್ತೊಂಬತ್ತು ಬೀಗ ತೆರೆದಿದ್ದವು. ಉಳಿದದ್ದು ಒಂದು ಹಿತ್ತಾಳೆ ಬೀಗ, ಅಂಗೈಯಗಲದ್ದು, ಹನ್ನೊಂದು ವರ್ಷದ ಹಿಂದೆ ಮೇಸ್ತ್ರಿಯೇ ಕೈಚೆಲ್ಲಿ ಡಬ್ಬಿಗೆ ಎಸೆದದ್ದು. ನಾಲ್ಕೂ ಮುಕ್ಕಾಲಿಗೆ ಸಾಹೇಬರು ಒಂದು ಮೊಂಡು ಚಾವಿಯನ್ನು ಅದಕ್ಕೆ ತೂರಿಸಿ, ಅರ್ಧ ತಿರುಗಿಸಿ, ತುಸು ಹೊರಗೆಳೆದು, ಮತ್ತೆ ತಿರುಗಿಸಿದರು. ಬೀಗ ಕಳಚಿಕೊಂಡಿತು. ಅರ್ಧಕ್ಕೆ ಎಳೆಯಬೇಕು! ಆ ಯುಕ್ತಿ ಹನ್ನೊಂದು ವರ್ಷ ಅವನಿಗೆ ಹೊಳೆದಿರಲಿಲ್ಲ. ಸಾಹೇಬರು ಅರ್ಜಿ ಮಂಜೂರು ಮಾಡಿದವರ ಹಾಗೆ ಅವನನ್ನು ನೋಡಿದರು. ಮೇಸ್ತ್ರಿಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು.

ಐದಕ್ಕೆ ಸಾಹೇಬರನ್ನು ಕರೆದೊಯ್ಯಲು ಅವರ ತಾತ ಬಂದರು, ಟೈಲರಮ್ಮ ಕೊಟ್ಟ ಅರ್ಧ ಟಿಕೆಟ್ಟು ಕೂಡಿಸಿ ರೈಟ್ ಎನಿಸಿಕೊಂಡರು. ಟೈಲರಮ್ಮ ಹಿಂದುಗಡೆಯ ನಲ್ಲಿಯಲ್ಲಿ ಮೇಸ್ತ್ರಿಯ ಮಗಳ ಕೈಯ ಬಣ್ಣ ತೊಳೆಯುತ್ತಿದ್ದಳು. ಮೇಸ್ತ್ರಿ ತಾತನಿಗೆ ಬೀಗ ತೋರಿಸಿದ. ತಾತನಿಗೆ ಅರ್ಥವಾಗಲಿಲ್ಲ. ಗಾಲಿಕುರ್ಚಿಯ ಪಕ್ಕದಲ್ಲೇ ನಡೆಯುತ್ತ ಇನ್ನೊಮ್ಮೆ ಗಿಣಿಗೆ ಹೇಳಿದ ಹಾಗೆ ಹೇಳಿದ. ತಿರುವಿನವರೆಗೂ ಹೇಳಿದ. ಅಲ್ಲಿ ಅವರು ಎಡಕ್ಕೆ ಹೋದರು, ಇವನು ಬೀಗವನ್ನು ಎಡಗೈಯಲ್ಲಿ ಹಿಡಿದು ಬಲಕ್ಕೆ ತಿರುಗಿದ. ಅವನ ಮನೆ ಇದ್ದದ್ದು ಬಲಕ್ಕೆ.

ಇಲ್ಲೇ ನೋಡಿ ಎಡವಟ್ಟಾದದ್ದು. ಎಡಗೈ ಖಾಲಿ ಇದ್ದಿದ್ದರೆ ಹತ್ತು ಹೆಜ್ಜೆಗೆ ಅದು ಬೊಬ್ಬೆ ಹಾಕುತ್ತಿತ್ತು. ಆದರೆ ಅದರಲ್ಲಿ ಅಂಗೈಯಗಲದ ಹಿತ್ತಾಳೆ ಬೆಚ್ಚಗೆ ಕೂತಿತ್ತು. ಮೇಸ್ತ್ರಿ ಸಿಳ್ಳೆ ಹಾಕಿಕೊಂಡು ಮನೆಗೆ ಬಂದ. ನಾಲ್ಕು ಬೀಗ ತೆಗೆದ, ಒಳಗೆ ಹೋದ, ನಾಲ್ಕೂ ಹಾಕಿದ. ದಿನದ ರೂಢಿಯಂತೆ, “ಚಪ್ಪಲಿ ಬಿಡು, ಕಂದ,” ಎಂದ.

ನೆಲದ ಮೇಲೆ ಒಂದೇ ಜೊತೆ ಚಪ್ಪಲಿ ಇತ್ತು, ಅವನದು.

ಜೇಬಿಗೆ ಕೈ ಹಾಕಿದ, ಅರ್ಧ ಟಿಕೆಟ್ಟು ಬೆರಳಿಗೆ ಸಿಕ್ಕಿತು. ಬಾಗಿಲಿಗೆ ಓಡಿದ. ಎಂಥ ಕಬ್ಬಿಣದ ಬೀಗವನ್ನೂ ಕಣ್ಣುಮುಚ್ಚಿ ತೆಗೆಯುವ ಮೇಸ್ತ್ರಿಗೆ ತನ್ನ ಮನೆಯ ಮೊದಲ ಬೀಗದ ಕಿಂಡಿಯೇ ಸಿಗಲಿಲ್ಲ. ಚಾವಿ ಗೊಂಚಲು ಎರಡು ಸಲ ಕೆಳಗೆ ಬಿತ್ತು. ನಾಲ್ಕನೆಯದನ್ನು ತೆಗೆಯುವಾಗ, ಇಷ್ಟು ಬೀಗ ಹಾಕಿದ ಮೂರ್ಖ ಯಾವನು ಎಂದು ಬೈದುಕೊಂಡ. ಬಾಗಿಲನ್ನು ಹಾರುಹೊಡೆದು ಬರಿಗಾಲಲ್ಲೇ ಓಡಿದ.

ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತಿ, ಪಾದರಸ ಮತ್ತೆ ಓಡಿತೇ ಎಂದು ಕೇಳಿದ. ಮೇಸ್ತ್ರಿ ನಿಲ್ಲದೆ ಓಡಿದ. ಅವನ ಕಣ್ಣೆದುರು ದೊಡ್ಡ ರಸ್ತೆ, ಲಾರಿ, ಆ ಡ್ರೈವರನ ಮುಖ. ತೆರೆದ ಬಾಗಿಲು, ಮುದುಕ ಕಾವಲುಗಾರ, ಹಿಡಿದುಕೊಳ್ಳದ ಟೈಲರಮ್ಮ. ತಾನಿಲ್ಲದ್ದು ಕಂಡ ಕ್ಷಣವೇ ಅವಳು ಓಡಿರುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಅಂಚೆ ಕಚೇರಿಯ ಬಾಗಿಲು ಎಂದಿನಂತೆ ಬಾಯಿ ತೆರೆದುಕೊಂಡಿತ್ತು. ಉಳಿದವರೆಲ್ಲ ಹೋಗಿಯಾಗಿತ್ತು. ಅಜ್ಜ ಕುರ್ಚಿಯಲ್ಲಿ, ಅವರ ಮಗ ಪಕ್ಕದಲ್ಲಿ, ಟೈಲರಮ್ಮ ಗೋಡೆಗೆ ಒರಗಿಕೊಂಡು. ಹೊಸಿಲಿನ ಒಳಬದಿಗೆ, ನೆಲದ ಮೇಲೆ, ಚಪ್ಪಲಿ ಮೆಟ್ಟಿಕೊಂಡು, ಎದೆಯ ಮೇಲಿನ ಅರ್ಧ ಟಿಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಮಗಳು ಕೂತಿದ್ದಳು. ಕೂತಿದ್ದಳು! ಅವಳು ಒಂದೇ ಕಡೆ ಅಷ್ಟು ಹೊತ್ತು ಕೂತದ್ದನ್ನು ಹೆತ್ತವನೇ ಕಂಡಿರಲಿಲ್ಲ.

ಮೇಸ್ತ್ರಿ ಮೆಟ್ಟಿಲ ಮೇಲೆ ಕುಸಿದ. ದೊಡ್ಡ ಗಂಡಸು, ನಡುಬೀದಿಯಲ್ಲಿ, ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಟೈಲರಮ್ಮ ನಡೆದದ್ದನ್ನು ಹೇಳಿದಳು. ಮೇಸ್ತ್ರಿ ತಿರುವಿನವರೆಗೆ ಹೋಗಿ ಬರುತ್ತಾನೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಬಾರದಿದ್ದಾಗ ಫೋನು ಮಾಡಿದರು. ಫೋನು ಒಳಗೆ ಚಾವಿ ಡಬ್ಬಿಯ ಪಕ್ಕದಲ್ಲೇ ಹಾಡಿತು. ಹುಡುಗಿ ಮೂರು ಸಲ ಹೊಸಿಲಿನವರೆಗೆ ಬಂದಳು. ಅಜ್ಜ ಎದ್ದು ನಿಂತರು, ಆದರೆ ಮುಟ್ಟಲಿಲ್ಲ. ಮೂರು ಸಲವೂ ಅವಳು ಬೀದಿಯನ್ನು ನೋಡಿ, ಟಿಕೆಟ್ಟನ್ನು ನೋಡಿ, ಒಳಗೇ ನಿಂತಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಂದು ಕೂತಳು.

“ಓಡಲೇ ಇಲ್ವಾ?” ಮೇಸ್ತ್ರಿ ನಂಬಲಾರದೆ ಕೇಳಿದ.

“ಓಡೋಕೆ ಅವಳನ್ನ ಹಿಡಿದವರು ಯಾರಿದ್ರು ಇಲ್ಲಿ?” ಎಂದಳು ಟೈಲರಮ್ಮ. “ನಿನಗೋಸ್ಕರ ಕಾಯ್ತಾ ಇದ್ಲಪ್ಪ.”

ಕಾಯುತ್ತಿದ್ದಳು. ಒಂಬತ್ತು ವರ್ಷ ಅವಳನ್ನು ಕಾದವನಿಗೆ, ಅವಳಿಗೂ ಕಾಯಲು ಬರುತ್ತದೆ ಎಂಬುದು ಹೊಳೆದಿರಲಿಲ್ಲ. ನಾಚಿಕೆಯೂ ಸಂತೋಷವೂ ಒಟ್ಟಿಗೇ ನುಗ್ಗಿ ಬಂದವು.

ಕಂಡಕ್ಟರಜ್ಜ ಕೆಮ್ಮಿದರು. “ಹೊಸಿಲು ದಾಟಿ ಹೇಳದೆ ಕೇಳದೆ ಹೋಗಿದ್ದಂತೂ ನಿಜ, ಮೇಸ್ತ್ರಿ. ಬೇಲಿನೇ ಎದ್ದು ಓಡಿಹೋಯ್ತು. ಷರತ್ತಿನ ಪ್ರಕಾರ ಇನ್ನು ನೀನು ಬರೋ ಹಾಗಿಲ್ಲ. ಹುಡುಗಿ ಬರಲಿ.”

ಮೇಸ್ತ್ರಿ ಅಳುವಿನ ನಡುವೆಯೇ ನಕ್ಕ. ಜೇಬಿನ ಅರ್ಧ ಟಿಕೆಟ್ಟನ್ನು ಚಾಚಿದ. ಅಜ್ಜನ ಮಗ ಅದನ್ನು ಹುಡುಗಿಯ ಎದೆಯ ಮೇಲಿನ ಅರ್ಧಕ್ಕೆ ಜೋಡಿಸಿ, ಗಂಭೀರವಾಗಿ ಪರಿಶೀಲಿಸಿ, “ರೈಟ್,” ಎಂದ.

ಹುಡುಗಿ ಎದ್ದಳು. ಹೊಸಿಲು ದಾಟಿ ಅಪ್ಪನ ಮಣಿಕಟ್ಟು ಹಿಡಿದಳು. ಕೈಯಲ್ಲ, ಮಣಿಕಟ್ಟು. ಬಿಗಿಯಾಗಿ, ಮೂಳೆಗೆ ತಾಗುವ ಹಾಗೆ. ಇಷ್ಟು ನೋವಾಗುತ್ತಿತ್ತೇ ಇವಳಿಗೆ ಎಂದು ಅವನಿಗೆ ಈಗ ತಿಳಿಯಿತು. ಬಿಡಿಸಿಕೊಳ್ಳಲಿಲ್ಲ. ಅವಳು ಮುಂದೆ, ಅವನು ಹಿಂದೆ. ಓಡದೆ, ನಡೆದುಕೊಂಡು ಹೋದರು. ಕ್ಷೌರದಂಗಡಿಯವನು ಮತ್ತೆ ಕತ್ತಿ ಎತ್ತಿದ, ಈ ಸಲ ಏನೂ ಕೇಳಲಿಲ್ಲ.

ಮನೆಯ ಬಾಗಿಲು ಹಾರುಹೊಡೆದಿತ್ತು, ನಾಲ್ಕು ಬೀಗಗಳೂ ಬಾಯಿಬಿಟ್ಟಿದ್ದವು. ಬೇಕರಿಯಿಂದ ಆಗಷ್ಟೇ ಬಂದ ಹೆಂಡತಿ, ಕೂದಲಲ್ಲಿ ಹಿಟ್ಟು ಮೆತ್ತಿಕೊಂಡು, ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದಳು. ಮಗಳನ್ನು ಕಂಡು ಉಸಿರು ಬಿಟ್ಟಳು.

“ಯಾವ ಕಡೆಗೆ ಓಡಿದ್ಲು?”

“ಅವಳಲ್ಲ,” ಎಂದ ಮೇಸ್ತ್ರಿ. “ನಾನು.”

ಹೆಂಡತಿಗೆ ತಲೆಬುಡ ತಿಳಿಯಲಿಲ್ಲ. ಬಾಗಿಲು ಹಾಕಲು ಹೋದವಳನ್ನು ಅವನು ತಡೆದು, ಸ್ವಲ್ಪ ಹೊತ್ತು ಹಾಗೇ ಇರಲಿ, ಎಲ್ಲ ಹೇಳುತ್ತೇನೆ ಎಂದ. ಆದರೆ ಮಗಳು ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಅವನ ಕಾಲುಗಳನ್ನೇ ನೋಡುತ್ತ ಕಾಯುತ್ತಿದ್ದಳು. ಬರಿಗಾಲಲ್ಲಿದ್ದ ಮೇಸ್ತ್ರಿಗೆ ಸ್ವಲ್ಪ ಹೊತ್ತಿನ ಮೇಲೆ ಅರ್ಥವಾಯಿತು. ಅಲ್ಲೇ ಬಿದ್ದಿದ್ದ ತನ್ನ ಚಪ್ಪಲಿಗಳನ್ನು ಒಮ್ಮೆ ಮೆಟ್ಟಿಕೊಂಡು, ಮತ್ತೆ ಬಿಟ್ಟ. ಆಮೇಲೆ ಅವಳು ಅಪ್ಪನ ಮಣಿಕಟ್ಟು ಬಿಟ್ಟಳು.