ಒಂದು ಗೇಣು ಹೆಚ್ಚಿನ ಟೆಂಟು

ತನ್ನ ಹೆಂಡತಿ ತನಗಿಂತ ಒಂದು ಗೇಣು ಎತ್ತರ ಎನ್ನುವುದು ಕನ್ನಡಕದಂಗಡಿಯವನಿಗೆ ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ಕಸಿವಿಸಿ ತಂದಿರಲಿಲ್ಲ. ಬೀದಿಯವರು ತಿರುಗಿ ನೋಡಿದರೆ ಅವನೇ ಎದೆಯುಬ್ಬಿಸಿ ನಡೆಯುತ್ತಿದ್ದ. ಅಟ್ಟದ ಮೇಲಿನ ಡಬ್ಬಿ ಅವಳ ಪಾಲು, ಮಂಚದ ಕೆಳಗೆ ಉರುಳಿದ ಗುಂಡಿ ಅವನ ಪಾಲು. ಸಂಸಾರ ಸರಾಗವಾಗಿಯೇ ಸಾಗಿತ್ತು. ಹೊಟ್ಟೆಕಿಚ್ಚು ಅವನೊಳಗೆ ಹೊಕ್ಕಿದ್ದು ಒಂದು ಶನಿವಾರ ಮಧ್ಯಾಹ್ನ, ಟೆಂಟು ಕೊಳ್ಳಲು ಹೋದಾಗ.

ಅವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ವರ್ಷಕ್ಕೊಮ್ಮೆ ಕೊಳದ ನೀರು ಖಾಲಿ ಮಾಡಿ ತೊಳೆಯುವ ವಾರ ಅವಳಿಗೆ ರಜೆ. ಈ ಸಲ ಆ ರಜೆಯಲ್ಲಿ ಇಬ್ಬರೂ ಬೆನ್ನಿಗೆ ಚೀಲ ಹಾಕಿಕೊಂಡು ನಾಲ್ಕು ದಿನ ಬೆಟ್ಟಗಳಲ್ಲಿ ನಡೆಯುವುದೆಂದು ತೀರ್ಮಾನವಾಗಿತ್ತು.

ಟೆಂಟಿನಂಗಡಿಯಲ್ಲಿ ಮಾರಾಟ ಮಾಡುತ್ತಿದ್ದವನು ಎಷ್ಟು ಎತ್ತರವಿದ್ದನೆಂದರೆ ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಿದ್ದ. ಕನ್ನಡಕದಂಗಡಿಯವನು ಮನಸ್ಸಿನಲ್ಲೇ ಅವನಿಗೆ 'ಏಣಿ' ಎಂದು ಹೆಸರಿಟ್ಟ. ಏಣಿ ಮಾತ್ರ ಇವನ ಕಡೆ ನೋಡದೆ ಅವಳನ್ನೇ ನೋಡಿ, ಬಹುಕಾಲದಿಂದ ಕಾಣದಿದ್ದ ನೆಂಟರು ಬಂದಂತೆ ಮುಖ ಅರಳಿಸಿದ.

"ನಮ್ಮಂಥವರ ಕಷ್ಟ ಟೆಂಟು ಮಾಡೋರಿಗೆ ಅರ್ಥವೇ ಆಗಲ್ಲ ಮೇಡಂ," ಎಂದ. "ಚೀಟಿ ಮೇಲೆ ಬರೆದಿರೋ ಉದ್ದ ನಂಬಬೇಡಿ. ಅದು ನೆಲದ ಉದ್ದ. ಗೋಡೆ ಓರೆಯಾಗಿ ಇಳಿದರೆ ತಲೆ ಹತ್ರ ಒಂದಿಷ್ಟು ಹೋಯ್ತು, ಕಾಲ ಹತ್ರ ಒಂದಿಷ್ಟು ಹೋಯ್ತು. ಗೋಡೆ ನೆಟ್ಟಗೆ ನಿಲ್ಲೋದು ಬೇಕು ನಿಮಗೆ."

'ನಮ್ಮಂಥವರ' ಎಂಬ ಮಾತು ಕನ್ನಡಕದಂಗಡಿಯವನ ಕಿವಿಯಲ್ಲಿ ಮುಳ್ಳಿನಂತೆ ಚುಚ್ಚಿತು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಗಿರಾಕಿಯೊಬ್ಬಳ ಹೊಸ ಕನ್ನಡಕದಲ್ಲಿ ಮೆಟ್ಟಿಲೆಲ್ಲ ಬಾಗಿ ಕಾಣುತ್ತಿತ್ತಂತೆ. ಹೊರಗೆ ಹೋಗಿ ಸಮಾಧಾನ ಹೇಳಿ ಬರುವಷ್ಟರಲ್ಲಿ ಹತ್ತು ನಿಮಿಷ.

ಒಳಗೆ ಬಂದು ನೋಡಿದರೆ ಹೆಂಡತಿ ಇಲ್ಲ, ಏಣಿಯೂ ಇಲ್ಲ. ಅಂಗಡಿಯ ಮಧ್ಯೆ ಕಟ್ಟಿ ನಿಲ್ಲಿಸಿದ್ದ ಹಸಿರು ಟೆಂಟಿನ ಬಾಗಿಲಿನಿಂದ ನಾಲ್ಕು ಪಾದಗಳು ಹೊರಗೆ ಚಾಚಿದ್ದವು. ಎರಡರ ಮೇಲೆ ಅವನೇ ತಂದುಕೊಟ್ಟ ಪಟ್ಟೆ ಕಾಲುಚೀಲ. ಒಳಗಿನಿಂದ ಅವಳ ನಗು ಬಂತು. ಕೊಳದ ಬದಿಯಲ್ಲಿ ಗೆಳತಿಯರ ಜೊತೆ ನಗುತ್ತಾಳಲ್ಲ, ಆ ಬಿಚ್ಚು ನಗು.

"ನೋಡಿ, ಇದು ಆಗಲ್ಲ ನಮಗೆ. ಆ ಬೂದು ಬಣ್ಣದ್ದು ಇದಕ್ಕಿಂತ ಒಂದು ಗೇಣು ಉದ್ದ. ಬಾಗಿಲೂ ಎರಡು," ಎನ್ನುತ್ತ ಏಣಿ ತೆವಳಿಕೊಂಡು ಹೊರಬಂದ. ಗಂಡನನ್ನು ಕಂಡು ಅವನಿಗೇನೂ ಗಲಿಬಿಲಿಯಾಗಲಿಲ್ಲ. ಗಲಿಬಿಲಿಯಾಗಿದ್ದರೇ ಚೆನ್ನಾಗಿತ್ತು ಎನಿಸಿತು ಇವನಿಗೆ.

"ಹಸಿರು ಟೆಂಟು ತೂಕ ಎಷ್ಟು?" ಎಂದು ಕೇಳಿದ.

"ಬೂದು ಬಣ್ಣದ್ದಕ್ಕಿಂತ ಮುನ್ನೂರು ಗ್ರಾಂ ಕಮ್ಮಿ ಸರ್. ಆದರೆ ಮೇಡಂಗೆ—"

"ಹಸಿರೇ ಕೊಡಿ."

ಹೆಂಡತಿ ಹುಬ್ಬೇರಿಸಿದಳು. "ಅಲ್ಲ ಮಾರಾಯ, ನನ್ನ ಕಾಲು ಎಲ್ಲಿಡಲಿ?"

"ಒಂಚೂರು ಮಡಚ್ಕೊಂಡ್ರೆ ಆಯ್ತು. ಬೆಟ್ಟ ಹತ್ತುವಾಗ ಮುನ್ನೂರು ಗ್ರಾಂ ಅಂದ್ರೆ ಆಟ ಅಲ್ಲ." ಕನ್ನಡಕದ ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ ಗಿರಾಕಿಯ ಕಿವಿಗೆ ಕೂರಿಸುವ ಮನುಷ್ಯ ಹೀಗೆ ಒಂದು ಗೇಣನ್ನು ಗಾಳಿಗೆ ತೂರಿದ. ಅವಳು ವಾದಿಸಲಿಲ್ಲ. ಎರಡು ಚೀಲವನ್ನೂ ತೂಗಿ ತೂಗಿ ಕಟ್ಟುವವನು ಅವನೇ ಆದ್ದರಿಂದ ನಂಬಿದಳು.

ಆಮೇಲಿನ ಎರಡು ವಾರ ಅವನ ನೆಮ್ಮದಿ ಹಾರಿಹೋಯಿತು. ಗಿರಾಕಿಯ ಕಣ್ಣಿಗೆ ಮಸೂರ ಹಿಡಿದು ನಿಂತಾಗಲೂ ಆ ನಾಲ್ಕು ಪಾದಗಳು ಎದುರಿಗೆ ಬರುತ್ತಿದ್ದವು. ಅವಳು ಎತ್ತರದ ಚಪ್ಪಲಿ ಹಾಕಿದರೆ ಯಾರಿಗಾಗಿ ಎನಿಸಿತು. ಏನೋ ನೆನಪಾಗಿ ಮುಗುಳ್ನಕ್ಕರೆ ಏನು ನೆನಪಾಯಿತು ಎನಿಸಿತು. ಕೆಳಗಿನ ಮನೆಯಲ್ಲಿದ್ದ ಅವನ ಅಕ್ಕ, "ಯಾಕೋ, ಮುಖ ಯಾಕೆ ಹಾಗೆ ಊದಿದೆ? ಹಲ್ಲುನೋವಾ?" ಎಂದಳು. ಹೌದೆಂದುಬಿಟ್ಟ. ಅವಳು ಲವಂಗ ಕೊಟ್ಟಳು; ಸುಮ್ಮನೆ ಅಗಿದ.

ಬೆಟ್ಟದ ಮೇಲೆ ಮೊದಲ ಮುಂಜಾವು ಅವನು ಎದ್ದಾಗ ಹೆಂಡತಿ ಪಕ್ಕದಲ್ಲಿರಲಿಲ್ಲ. ಹೊರಗೆ ಬಂಡೆಯ ಮೇಲೆ ಕೂತು ಮಲಗುಚೀಲದ ಕಾಲಿನ ತುದಿಯನ್ನು ಹಿಂಡುತ್ತಿದ್ದಳು. ಉಸಿರಿನ ತೇವವೆಲ್ಲ ಟೆಂಟಿನ ಗೋಡೆಗೆ ಹನಿಗಟ್ಟಿ, ಅದಕ್ಕೆ ತಾಗಿಕೊಂಡಿದ್ದ ಚೀಲದ ತುದಿ ಪೂರ್ತಿ ತೊಯ್ದಿತ್ತು. ಸ್ಟವ್ ಮೇಲೆ ಚಹಾ ಕುದಿಯುತ್ತಿತ್ತು.

"ಆ ಹುಡುಗ ಹೇಳಿದ್ದ, ಹೀಗಾಗುತ್ತೆ ಅಂತ," ಎಂದಳು, ಹವೆಯ ಬಗ್ಗೆ ಹೇಳುವಷ್ಟು ಸಾದಾ ದನಿಯಲ್ಲಿ.

ಎರಡು ವಾರದ ಉರಿಗೆ ಅಷ್ಟೇ ಸಾಕಾಯಿತು. "ಹಾಗಾದ್ರೆ ಅವನ್ನೇ ಕರ್ಕೊಂಡು ಬರಬೇಕಿತ್ತು! ಇಬ್ರೂ ಕಾಲು ಚಾಚ್ಕೊಂಡು ಮಲಗಬಹುದಿತ್ತು!"

ಅವಳು ಹಿಂಡುವುದನ್ನು ನಿಲ್ಲಿಸಿದಳು. "ಯಾರನ್ನ?" ಎಂದಳು. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಆಮೇಲೆ ತಿಳಿಯಿತು. ನಗುತ್ತಾಳೆ ಎಂದುಕೊಂಡಿದ್ದ, ನಕ್ಕಿದ್ದರೆ ಅವನೂ ಎರಡು ಬೈದು ಹಗುರಾಗುತ್ತಿದ್ದ. ಅವಳು ನಗಲಿಲ್ಲ.

"ಅದಕ್ಕೇನಾ ಹಸಿರು ಟೆಂಟು?"

ಅವನು ಟೆಂಟಿನ ಗೋಡೆಯ ಹನಿಗಳನ್ನು ಬೆರಳಿನಿಂದ ಒರೆಸತೊಡಗಿದ.

"ಶಾಲೇಲಿ ಹಿಂದಿನ ಬೆಂಚು. ಬಸ್ಸಲ್ಲಿ ಮೊಣಕಾಲು ಗಲ್ಲಕ್ಕೆ ಬರುತ್ತೆ. ಚಿಕ್ಕಮ್ಮ ದಿನಾ ಹೇಳೋಳು, ಒಂಚೂರು ಬಗ್ಗಿ ನಡಿಯೇ ಅಂತ. ನಿನ್ನಂಗಡಿಗೆ ಮೊದಲ ಸಲ ಬಂದಾಗ ನಾನು ಕನ್ನಡಿಗೆ ಬಗ್ಗಿದೆ. ನೀನು ಸ್ಟೂಲ್ ಹತ್ತಿ, ಮೊಳೆ ಕಿತ್ತು, ಕನ್ನಡೀನೇ ಮೇಲಕ್ಕೆ ತೂಗುಹಾಕಿದೆ. ಮಡಚ್ಕೋ ಅಂತ ನನಗೆ ಹೇಳದೇ ಇದ್ದೋನು ನೀನೊಬ್ಬನೇ ಕಣೋ." ಅವಳು ಮಲಗುಚೀಲವನ್ನು ಮತ್ತೆ ಹಿಂಡಿದಳು. "ಈಗ ನೀನೂ ಹೇಳಿದೆ."

ಚಹಾ ಉಕ್ಕಿ ಸ್ಟವ್ ಆರಿತು. ಇಬ್ಬರೂ ಅತ್ತ ನೋಡಲಿಲ್ಲ. ಅವನಿಗೆ ಭೂಮಿಗಿಳಿದು ಹೋದಂತಾಯಿತು. "ತಪ್ಪಾಯ್ತು," ಎಂದ. ಅವಳು ತಲೆಯಾಡಿಸಿದಳು, ಕ್ಷಮಿಸಿದ್ದಕ್ಕೋ ಕೇಳಿಸಿಕೊಂಡಿದ್ದಕ್ಕೋ ತಿಳಿಯಲಿಲ್ಲ. ಅಂದೇ ಇಬ್ಬರೂ ಇಳಿದರು. ದಾರಿಯುದ್ದಕ್ಕೂ ಅವಳು ಹತ್ತು ಹೆಜ್ಜೆ ಮುಂದೆ. ಆ ಉದ್ದ ಹೆಜ್ಜೆಗಳನ್ನು ಹಿಡಿಯಲು ಅವನು ಅರ್ಧ ಓಡಬೇಕಾಯಿತು.

ಸೋಮವಾರ ತನ್ನಂಗಡಿಯ ಬಾಗಿಲು ತೆಗೆಯುವ ಬದಲು ಅವನು ಟೆಂಟಿನಂಗಡಿಗೆ ಹೋದ. ಬಳಸಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಏಣಿ ಹೇಳಿದ. "ಬೇಡ ಬಿಡಿ," ಎಂದ ಇವನು. "ಆ ಬೂದು ಬಣ್ಣದ್ದು ಕಟ್ಟಿ. ಅವಳಷ್ಟು ಎತ್ತರದವರು ನನಗೆ ಬೇರೆ ಯಾರೂ ಗೊತ್ತಿಲ್ಲ. ನೀವೊಂದ್ಸಲ ಒಳಗೆ ಮಲಗಿ."

ಏಣಿ ಮಲಗಿದ. ಕನ್ನಡಕದಂಗಡಿಯವನು ಪಕ್ಕದಲ್ಲಿ ಮೊಣಕಾಲೂರಿ, ಜೇಬಿನಿಂದ ಅಳತೆಪಟ್ಟಿ ತೆಗೆದು, ಅವನ ತಲೆಯಿಂದ ಗೋಡೆಗೆ, ಹಿಮ್ಮಡಿಯಿಂದ ಗೋಡೆಗೆ ಅಳೆದ.

"ಮೇಡಂ ನನಗಿಂತ ಎರಡಿಂಚು ಕಮ್ಮಿ ಇರಬಹುದು ಸರ್."

"ಮೂರು," ಎಂದ ಇವನು ಥಟ್ಟನೆ. ಅಷ್ಟು ಗೆದ್ದದ್ದಕ್ಕೂ ಖುಷಿಯಾಯಿತು. ಆ ದಿನ ಅವಳು ಯಾಕೆ ನಕ್ಕಳು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಏಣಿ ಕೂತು, ಮಲಗಿ, ಮಗ್ಗುಲು ಬದಲಿಸಿ ತೋರಿಸಿದ. ಎಲ್ಲೂ ಬಟ್ಟೆ ತಾಗಲಿಲ್ಲ.

ಮಧ್ಯಾಹ್ನ ಹೆಂಡತಿ ಪೇಟೆಯಿಂದ ಬಂದಾಗ ನಡುಮನೆಯಲ್ಲಿ ಕುರ್ಚಿ ಮೇಜೆಲ್ಲ ಗೋಡೆಗೆ ಸರಿದಿತ್ತು. ಮಧ್ಯೆ ಬೂದು ಟೆಂಟು. ಅವಳು ಚೀಲ ಕೆಳಗಿಟ್ಟು ಒಳಗೆ ನುಸುಳಿದಳು. ಬೆನ್ನ ಮೇಲೆ ಮಲಗಿ, ಕೊಳದಲ್ಲಿ ತೇಲುವಂತೆ ಕೈಗಳನ್ನು ತಲೆಯ ಮೇಲಕ್ಕೆ ಚಾಚಿದಳು, ಕಾಲುಗಳನ್ನೂ. ತುಂಬ ಹೊತ್ತು ಹಾಗೇ ಇದ್ದಳು.

"ಅವನು ಸರಿಯಾಗೇ ಹೇಳಿದ್ದ," ಎಂದಳು ಕೊನೆಗೆ.

ಅವನೊಳಗೆ ಹೊಟ್ಟೆಕಿಚ್ಚು ಮತ್ತೆ ಚುರುಕ್ ಎಂದಿತು. ಅದು ಇಷ್ಟು ಬೇಗ ಬಿಟ್ಟುಹೋಗುವ ಜಾತಿಯದಲ್ಲ ಎಂದು ಅವನಿಗೆ ತಿಳಿಯಿತು. "ಹೌದು, ಸರಿಯಾಗೇ ಹೇಳಿದ್ದ," ಎಂದ.

"ಬಾ ಒಳಗೆ."

"ಅಂಗಡಿ ತೆಗೀಬೇಕು. ಬೆಳಗ್ಗೆಯಿಂದ ಮುಚ್ಚಿದೆ."

"ಬಾರೋ ಅಂದ್ರೆ."

ಕನ್ನಡಕದಂಗಡಿ ಆ ದಿನ ತೆರೆಯಲಿಲ್ಲ.