ಎಲ್ಡನ್‌ನ ಗುಟ್ಟಿನ ಓಟು

ನಮ್ಮ ಊರು ಡ್ರೈ ಫೋರ್ಕ್. ಊರವರೆಲ್ಲ ಸೇರುವ ಸಭಾಭವನಕ್ಕೆ ನಾವು ಹಾಲು ಅನ್ನುತ್ತೇವೆ, ಅಲ್ಲಿನ ಮತಗಟ್ಟೆಗೆ ಬಹಳ ವರ್ಷಗಳಿಂದ ನಾನೇ ಮುಖ್ಯಸ್ಥೆ. ಮೊಣಕಾಲು ನೋವೆಂದು ಅತ್ತೆ ಆ ಕುರ್ಚಿ ಬಿಟ್ಟಾಗ ಅದು ನನ್ನ ಪಾಲಿಗೆ ಬಂತು. ಮೊಂಟಾನಾದ ಈ ಮೂಲೆಯಲ್ಲಿ ಗೋಧಿ ಬೆಳೆಯುವವರು, ದನ ಸಾಕುವವರು ಬಿಟ್ಟರೆ ಬೇರೆ ಜನ ಕಡಿಮೆ. ಚುನಾವಣೆಯ ದಿನ ಎಲ್ಲರೂ ಹಾಲಿಗೆ ಬಂದು, ಓಟು ಹಾಕಿ, ಬಿಸಿ ಚಿಲಿ ಸಾರಿನ ಜೊತೆ ದಾಲ್ಚಿನ್ನಿ ಬನ್ನು ತಿಂದು, ಗಾಳಿಯನ್ನೂ ಗೋಧಿಯ ಬೆಲೆಯನ್ನೂ ಬೈದು ಮನೆಗೆ ಹೋಗುತ್ತಾರೆ. ಎಲ್ಡನ್ ಸ್ಟ್ರೋಬೆಲ್ ಒಬ್ಬ ಮಾತ್ರ ಬರುವುದನ್ನು ಬಿಟ್ಟುಬಿಟ್ಟಿದ್ದ.

ಎಲ್ಡನ್ ಶಾಲೆಯಲ್ಲಿ ನನಗಿಂತ ಸ್ವಲ್ಪ ಮುಂದಿದ್ದವನು. ಹದಿಹರೆಯದಲ್ಲಿ ಧಾನ್ಯದ ಗೋದಾಮಿನಲ್ಲಿ ಕೆಲಸ ಮಾಡುವಾಗ ಹೊಟ್ಟಿನ ದೂಳಿಗೆ ಕಿಡಿ ತಾಗಿ ಸಿಡಿದು ಎರಡೂ ಕಣ್ಣು ಹೋದವು. ಆಮೇಲೆ ಕುದುರೆಯ ಜೀನು ಹೊಲಿಯುವುದನ್ನು ಕಲಿತ. ಅವನು ಹೊಲಿದ ಜೀನಿಗಾಗಿ ಪಕ್ಕದ ರಾಜ್ಯದಿಂದಲೂ ಜನ ಬರುತ್ತಾರೆ. ಮಾತಿನಲ್ಲಿ ಖಾರ, ರಾಜಕೀಯದಲ್ಲಿ ಇನ್ನೂ ಖಾರ. ರೇಡಿಯೋ ಕೇಳಿ ಕೇಳಿ ಅವನಿಗೆ ತಿಳಿದಷ್ಟು ಸುದ್ದಿ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹೆಂಡತಿ ಲವೀನಾ ಇರುವವರೆಗೆ ಅವನ ಮತಪತ್ರಕ್ಕೆ ಅವಳೇ ಗುರುತು ಹಾಕುತ್ತಿದ್ದಳು. ಗಂಡ ಹೆಂಡತಿಗೆ ರಾಜಕೀಯದಲ್ಲಿ ಎಣ್ಣೆ ಸೀಗೆಕಾಯಿ. ತಾನು ಹೇಳಿದವರಿಗೇ ಅವಳು ಗುರುತು ಹಾಕುತ್ತಾಳೋ ಇಲ್ಲವೋ ಎಂದು ಅವನು ಎಲ್ಲರ ಮುಂದೆ ಗೊಣಗುತ್ತಿದ್ದ, ಅವಳು ನಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಕೆಲಸ ಕಾನೂನಿನ ಪ್ರಕಾರ ಮತಗಟ್ಟೆಯ ಇಬ್ಬರ ಮೇಲೆ ಬಿತ್ತು, ಒಂದೊಂದು ಪಕ್ಷದಿಂದ ಒಬ್ಬೊಬ್ಬರು. ಅವನು ಹೆಸರು ಹೇಳಬೇಕು, ನಾವು ಗುರುತು ಹಾಕಬೇಕು. ಎಷ್ಟೇ ಪಿಸುಗುಟ್ಟಿದರೂ ಅದು ಒಂದೇ ಕೋಣೆಯ ಹಾಲು, ಮರದ ಗೋಡೆ, ಅಡಿಗೆಯ ಕಡೆಗೆ ಬರೀ ಒಂದು ಪರದೆ.

ಒಂದು ಸಲ ಅವನು, ನಮ್ಮ ಕೌಂಟಿಯನ್ನು, ಅಂದರೆ ಜಿಲ್ಲೆಯನ್ನು, ನಡೆಸುವ ಮೂವರು ಚುನಾಯಿತ ಕಮಿಷನರ್‌ಗಳಲ್ಲಿ ಒಬ್ಬನಾದ ಡ್ವೇನ್ ಪ್ರೂಯಿಟ್‌ಗೆ ವಿರುದ್ಧವಾಗಿ ಓಟು ಹಾಕಿದ. ಬನ್ನಿಗೆ ಕಾದು ನಿಂತವರ ಕಿವಿಗೆ ಅದು ಬಿತ್ತು. ಮರುವಾರ ಊರಿನ ಕಾಫಿ ಅಂಗಡಿಯಲ್ಲಿ ಪ್ರೂಯಿಟ್ ಎಲ್ಡನ್‌ನ ಬೆನ್ನು ತಟ್ಟಿ, ತನ್ನ ಹೆಸರು ಅವನ ಬಾಯಿಗೆ ಬರಲಿಲ್ಲವಂತೆ ಎಂದು ನಗುತ್ತಲೇ ಕೇಳಿದನಂತೆ. ಆ ಚಳಿಗಾಲ ಎಲ್ಡನ್‌ನ ಮನೆ ದಾರಿಯ ಹಿಮ ತೆಗೆಯುವ ಕೌಂಟಿಯ ಲಾರಿ ಎಲ್ಲರ ಮನೆಗೂ ಹೋಗಿ, ಅವನಲ್ಲಿಗೆ ಕಡೆಗೆ ಬಂತು. ಅದು ಬೇಕೆಂದೇ ಆಯಿತೋ ಹಾಗೇ ಆಯಿತೋ ದೇವರೇ ಬಲ್ಲ. ಎಲ್ಡನ್ ಜಗಳವಾಡಲಿಲ್ಲ. ಮತ್ತೆ ಓಟು ಹಾಕಲು ಬರಲೂ ಇಲ್ಲ.

ಹೀಗಿರುವಾಗ ವಾಷಿಂಗ್ಟನ್ನಿನಿಂದ ಹೊಸ ಕಾನೂನು ಬಂತು. ಅಧ್ಯಕ್ಷರ ಚುನಾವಣೆಯಲ್ಲಿ ಮತಪತ್ರದ ಗುರುತು ಸರಿಯಾಗಿ ಓದಲಾಗದೆ ಫ್ಲೋರಿಡಾದಲ್ಲಿ ಗಲಾಟೆ ಆಗಿತ್ತಲ್ಲ, ಅದರ ಮರಿ ಇದು. ಅದರಲ್ಲಿ ಹತ್ತಾರು ಸಂಗತಿಗಳಿದ್ದವು. ನಮಗೆ ತಟ್ಟಿದ್ದು ಒಂದು: ಕಣ್ಣಿಲ್ಲದವರೂ ಕೈ ಆಡದವರೂ ಯಾರ ಸಹಾಯವೂ ಇಲ್ಲದೆ ಗುಟ್ಟಾಗಿ ಓಟು ಹಾಕುವಂಥ ಯಂತ್ರ ಪ್ರತಿ ಮತಗಟ್ಟೆಯಲ್ಲೂ ಒಂದು ಇರಲೇಬೇಕು. ವಾಷಿಂಗ್ಟನ್ ಅಪ್ಪಣೆ ಕೊಟ್ಟಿತು, ರಾಜ್ಯ ಅದಕ್ಕೊಂದು ಯೋಜನೆ ಬರೆಯಿತು, ಹೊರುವ ಕೆಲಸ ಕೌಂಟಿಗೆ ಬಂತು. ಕೌಂಟಿಯಲ್ಲಿ ಚುನಾವಣೆ ಅಂದರೆ ಅರ್ಡಿಸ್ ಹೌಗನ್. ನನ್ನ ಓರಗೆಯವಳು, ಎತ್ತರದ ಆಳು, ಮದುವೆ ನೋಂದಣಿಯಿಂದ ಹಿಡಿದು ಜಮೀನಿನ ಪತ್ರದವರೆಗೆ ಎಲ್ಲ ಅವಳದೇ ಕಚೇರಿ.

ಕಮಿಷನರ್‌ಗಳ ಸಭೆಗೆ ನಾನೂ ಹೋಗಿದ್ದೆ. ಯಂತ್ರ ಕೊಳ್ಳಲು ವಾಷಿಂಗ್ಟನ್ ಹಣ ಕೊಡುತ್ತದೆ, ಆದರೆ ಪ್ರತಿ ಚುನಾವಣೆಗೂ ಅದನ್ನು ಸಜ್ಜು ಮಾಡುವ ಖರ್ಚು ಕೌಂಟಿಯದೇ ಎಂದು ಪ್ರೂಯಿಟ್ ವಿವರಿಸಿದ. ಹಳ್ಳಿಯ ಹಾಲುಗಳನ್ನೆಲ್ಲ ಮುಚ್ಚಿ ಪಟ್ಟಣದಲ್ಲಿ ಒಂದೇ ಮತಗಟ್ಟೆ ಇಟ್ಟರೆ ಒಂದೇ ಯಂತ್ರ ಸಾಕು ಎಂಬುದು ಅವನ ಸಲಹೆ. ಲೆಕ್ಕದ ಮಟ್ಟಿಗೆ ಅದು ತಪ್ಪೂ ಅಲ್ಲ. ಆಮೇಲೆ ಅವನು ಅರ್ಡಿಸ್ ಕಡೆ ತಿರುಗಿದ.

"ಅಲ್ಲ ಅರ್ಡಿಸ್, ನಮ್ಮ ಹಳ್ಳಿ ಹಾಲುಗಳಿಗೆ ಓಟು ಹಾಕೋಕೆ ಬರೋ ಕುರುಡರು ಯಾರಿದ್ದಾರೆ ಹೇಳು?"

"ಯಾರೂ ಬರ್ತಿಲ್ಲ," ಎಂದಳು ಅರ್ಡಿಸ್. "ಯಾಕೆ ಬರ್ತಿಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ, ಡ್ವೇನ್?"

ಪ್ರೂಯಿಟ್ ತನ್ನ ಕಾಫಿ ಲೋಟ ನೋಡಿಕೊಂಡ. ನವೆಂಬರಿನ ಹಿಮದಲ್ಲಿ ಮುದುಕರು ಪಟ್ಟಣಕ್ಕೆ ಗಾಡಿ ಓಡಿಸಿಕೊಂಡು ಬರುವುದು ಹೇಗೆ, ಒಂದು ಕಾನೂನು ಜನರನ್ನು ಮತಗಟ್ಟೆಗೆ ಕರೆತರಲು ಬಂದಿರುವಾಗ ಅದೇ ನೆಪದಲ್ಲಿ ಮತಗಟ್ಟೆ ಮುಚ್ಚುವುದು ಯಾವ ನ್ಯಾಯ ಎಂದು ಅರ್ಡಿಸ್ ಏರುದನಿಯಿಲ್ಲದೆ ಹೇಳಿ ಕೂತಳು. ಉಳಿದ ಇಬ್ಬರು ಕಮಿಷನರ್‌ಗಳು ಅವಳ ಕಡೆ ಕೈ ಎತ್ತಿದರು. ಹಾಲುಗಳು ಉಳಿದವು.

ಬೇಸಿಗೆ ಕಳೆಯುವ ಹೊತ್ತಿಗೆ ಯಂತ್ರಗಳು ಬಂದವು. ಅರ್ಡಿಸ್ ಒಂದನ್ನು ತನ್ನ ಪಿಕಪ್ಪಿನಲ್ಲಿ ಹೇರಿ, ಇನ್ನೊಂದು ತುದಿ ಹಿಡಿಯಲು ನನ್ನನ್ನೂ ಕರೆದುಕೊಂಡು, ನೇರ ಎಲ್ಡನ್‌ನ ಜೀನಿನ ಅಂಗಡಿಗೆ ಹೋದಳು. ಅವನು ಸೂಜಿಯನ್ನು ಕೆಳಗಿಡದೆಯೇ, ತನಗೆ ಯಾರ ಕನಿಕರವೂ ಬೇಡವೆಂದ. ಕನಿಕರ ತಂದಿಲ್ಲ, ಭಾರದ ಪೆಟ್ಟಿಗೆ ತಂದಿದ್ದೇವೆ, ಸೊಂಟ ಮುರಿಯುವುದರೊಳಗೆ ಎಲ್ಲಿಡಬೇಕು ಹೇಳು ಎಂದು ಅರ್ಡಿಸ್ ಗದರಿದಳು. ಅವನು ನಕ್ಕು ಮೇಜು ಖಾಲಿ ಮಾಡಿದ.

ಕೆಲಸ ಸರಳ. ಮತಪತ್ರವನ್ನು ಯಂತ್ರದ ಬಾಯಿಗೆ ಕೊಟ್ಟು ಹೆಡ್‌ಫೋನ್ ಹಾಕಿಕೊಂಡರೆ ಒಂದು ದನಿ ಹೆಸರುಗಳನ್ನು ಓದುತ್ತದೆ. ಬೆರಳಿಗೆ ಸಿಗುವ ಗುಂಡಿಗಳನ್ನು ಒತ್ತಿ ಆರಿಸಬೇಕು. ಮುಗಿದ ಮೇಲೆ ಯಂತ್ರವೇ ಕಾಗದದ ಮೇಲೆ ಗುರುತು ಹಾಕಿ ವಾಪಸು ಕೊಡುತ್ತದೆ. ಎಲ್ಡನ್ ತಲೆ ಬಗ್ಗಿಸಿ ಕೇಳುತ್ತಾ ಕೂತ. ಒಮ್ಮೆಲೇ ಗಹಗಹಿಸಿ ನಕ್ಕ. ಆ ನವೆಂಬರಿನ ಚುನಾವಣೆಗೆ ಪ್ರೂಯಿಟ್ ಮತ್ತೆ ನಿಂತಿದ್ದ, ಅವನ ಎದುರಾಳಿ ಗೇಲ್ ಚೋಸ್ ಎಂಬ ಹೆಂಗಸು. ಅದು ನಾರ್ವೆಯಿಂದ ಬಂದ ಮನೆತನದ ಹೆಸರು, ಬರೆಯುವುದೊಂದು, ಕರೆಯುವುದೊಂದು. ಯಂತ್ರ ಅದನ್ನು 'ಕೆಜಾಸ್' ಎಂದಿತ್ತಂತೆ. ಪ್ರೂಯಿಟ್‌ನನ್ನು 'ಪ್ರೂ-ಐಟ್' ಮಾಡಿತ್ತಂತೆ.

"ಇದು ನಮ್ಮೂರಿಗೆ ಹೊಸದು, ಪಾಪ," ಎಂದ ಎಲ್ಡನ್. "ಸ್ವಲ್ಪ ಹೇಳಿಕೊಡಿ."

ಮತ್ತೆ ಕೇಳತೊಡಗಿದ. ಗುಂಡಿ ಒತ್ತಿದ, ನಿಲ್ಲಿಸಿದ, ಇನ್ನೊಮ್ಮೆ ಒತ್ತಿದ. ನಾವಿಬ್ಬರೂ ಕಿಟಕಿಯ ಹತ್ತಿರ ನಿಂತಿದ್ದೆವು.

"ಈಗ ಅದು ಹೇಳಿದ್ದು ನಿಮಗೆ ಕೇಳಿಸ್ತಾ?"

"ಇಲ್ಲ," ಎಂದಳು ಅರ್ಡಿಸ್.

"ನಾನು ಯಾವುದು ಒತ್ತಿದೆ ಅಂತ?"

"ಗೊತ್ತಿಲ್ಲ ಕಣೋ."

ಅವನು ಹೆಡ್‌ಫೋನ್ ತೆಗೆದು, ಅದನ್ನು ಮೇಜಿನ ಮೇಲಿಟ್ಟು ಮತ್ತೆ ಸೂಜಿ ಕೈಗೆತ್ತಿಕೊಂಡ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ನಾವು ಗಾಡಿ ಹತ್ತುವಾಗ, ಹೆಸರುಗಳನ್ನು ಸರಿಮಾಡಿಸುವುದನ್ನು ಮರೆಯಬೇಡ ಎಂದು ಬಾಗಿಲಿನಿಂದ ಕೂಗಿದ.

ಅರ್ಡಿಸ್ ಮರೆಯಲಿಲ್ಲ. ಉಚ್ಚಾರ ಇದ್ದಂತೆಯೇ ಅಕ್ಷರ ಕೂಡಿಸಿ ಒಂದೊಂದೇ ಹೆಸರನ್ನು ಯಂತ್ರಕ್ಕೆ ಕಲಿಸಿದಳು. ಆದರೆ ಯಂತ್ರಗಳನ್ನು ಪರೀಕ್ಷಿಸುವ ದಿನ ನನಗೆ ಫೋನ್ ಮಾಡಿ ಕಚೇರಿಗೆ ಬರಹೇಳಿದಳು. ಮೇಜಿನ ಮೇಲೆ ಎರಡು ಮತಪತ್ರಗಳಿದ್ದವು. ಪೆನ್ನಿನಲ್ಲಿ ಗುರುತು ಹಾಕಿದ್ದರಲ್ಲಿ ಮಸಿ ಗೆರೆಯಾಚೆ ಚೆಲ್ಲಿತ್ತು, ನಡುವೆ ಬಿಳಿ ಉಳಿದಿತ್ತು. ಯಂತ್ರ ಹಾಕಿದ್ದು ಅಚ್ಚಿನಲ್ಲಿ ಒತ್ತಿದ ಹಾಗೆ ನೀಟಾಗಿತ್ತು.

ನನಗೆ ತಕ್ಷಣ ಹೊಳೆಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ನಮ್ಮ ಹಾಲಿನ ಪೆಟ್ಟಿಗೆಯಲ್ಲಿ ಅಂಥ ನೀಟಾದ ಮತಪತ್ರ ಒಂದೇ ಒಂದು ಇದ್ದರೆ, ಎಣಿಸುವ ಮೇಜಿನ ಸುತ್ತ ಕೂತವರಿಗೆಲ್ಲ ಅದು ಯಾರದೆಂದು ಗೊತ್ತಾಗಿಬಿಡುತ್ತದೆ. ಕಾನೂನು ಯಂತ್ರ ಕೊಟ್ಟಿತು, ಗುಟ್ಟು ಕೊಡಲಿಲ್ಲ.

"ಅವನು ಮತ್ತೆ ಸಿಕ್ಕಿಬೀಳ್ತಾನೆ," ಎಂದಳು. "ಅದನ್ನ ನಾನು ಆಗಗೊಡಲ್ಲ."

"ಹಾಗಾದ್ರೆ ಬೇರೆಯವರೂ ಅದರಲ್ಲೇ ಹಾಕಲಿ," ಎಂದೆ. "ನಾನೇ ಶುರುಮಾಡ್ತೀನಿ."

ಹೇಳಿದಷ್ಟು ಸಲೀಸಾಗಿರಲಿಲ್ಲ. ಯಾರನ್ನೂ ಒತ್ತಾಯಿಸುವಂತಿಲ್ಲ, ಎಲ್ಡನ್‌ನ ಹೆಸರು ಎತ್ತುವಂತಿಲ್ಲ. ಚುನಾವಣೆಯ ದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಎಲ್ಲರ ಕಣ್ಣೆದುರಿಗೆ ನಾನು ಯಂತ್ರದಲ್ಲಿ ಓಟು ಹಾಕಿದೆ. ನನ್ನ ಹಿಂದೆ ಹಾರ್ವಿ ಡಂಕೆಲ್ ಬಂದ, ಹಳೆಯ ದನಗಾರ, ಹೊಸದೆಂದರೆ ಆಗದು. ಯಂತ್ರದಲ್ಲಿ ಹಾಕುತ್ತೀಯಾ ಎಂದು ಕೇಳಿದೆ.

"ನನ್ನ ಕಣ್ಣಿಗೇನಾಗಿದೆ? ದೂರದ ಗುಡ್ಡದ ಮೇಲಿರೋ ಕರುವಿನ ಕಿವಿಯ ಬಿಲ್ಲೆ ಓದ್ತೀನಿ."

"ನಿನ್ನ ಕಣ್ಣಿಗೆ ಅಲ್ಲ ಹಾರ್ವಿ. ಆ ಯಂತ್ರದಲ್ಲಿ ಒಬ್ಬರೇ ಹಾಕಿದ್ರೆ ಆ ಓಟು ಯಾರದು ಅಂತ ಗೊತ್ತಾಗುತ್ತೆ. ಬಹಳ ಜನ ಹಾಕಿದ್ರೆ ಗೊತ್ತಾಗಲ್ಲ. ಅಷ್ಟೇ."

ಹಾರ್ವಿ ನನ್ನ ಮುಖ ನೋಡಿದ, ಯಂತ್ರ ನೋಡಿದ. ಮತ್ತೇನೂ ಕೇಳದೆ ಹ್ಯಾಟು ತೆಗೆದು ಹೆಡ್‌ಫೋನ್ ಹಾಕಿಕೊಂಡ. ಪ್ರತಿ ಹೆಸರಿಗೂ ಗೊಣಗುತ್ತಾ ಹೇಗೋ ಮುಗಿಸಿದ. ಹೊರಗೆ ಗಾಡಿಗಳ ಹತ್ತಿರ ನಿಂತವರಿಗೆ ಅವನೇ ಸುದ್ದಿ ಹೇಳಿರಬೇಕು. ಆಮೇಲೆ ಬಂದವರಲ್ಲಿ ಅನೇಕರು ನಾನು ಬಾಯಿ ತೆರೆಯುವ ಮೊದಲೇ ಯಂತ್ರದ ಸಾಲಿಗೆ ಹೋಗಿ ನಿಂತರು. ಸಾಲು ಉದ್ದವಾಯಿತು. ಸಾರಿನ ಪಾತ್ರೆಯ ತಳ ಕಂಡಿತು. ಕೆಲವರು ಪುರುಸೊತ್ತಿಲ್ಲವೆಂದು ಪೆನ್ನು ಹಿಡಿದರು, ಅದಕ್ಕೇನೂ ಅಡ್ಡಿಯಿರಲಿಲ್ಲ. ಪ್ರೂಯಿಟ್ ಬಂದವನು ಸಾಲನ್ನು ನೋಡಿ, ಏನಿದು ಎಂದು ಹಾರ್ವಿಯನ್ನು ಕೇಳಿದ. ಹೊಸ ಯಂತ್ರ ಚೆನ್ನಾಗಿದೆ ಎಂದಷ್ಟೇ ಹಾರ್ವಿ ಹೇಳಿದ. ಪ್ರೂಯಿಟ್ ಪೆನ್ನಿನಲ್ಲೇ ಗುರುತು ಹಾಕಿ, ಬನ್ನು ತಿಂದು ಹೋದ.

ಮಧ್ಯಾಹ್ನದ ಮೇಲೆ ಎಲ್ಡನ್ ಬಂದ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಬೂಟು. ಕರೆತಂದ ಸೊಸೆಯನ್ನು ಬಾಗಿಲಲ್ಲೇ ನಿಲ್ಲಿಸಿದ. ಸಾಲಿನವರು ಜಾಗ ಬಿಡಲು ಹೋದರು, ಅವನು ಒಪ್ಪದೆ ಕೊನೆಯಲ್ಲೇ ನಿಂತ. ಸರದಿ ಬಂದಾಗ ನಾನು ಮತಪತ್ರವನ್ನು ಕೈಗಿತ್ತೆ, ಅವನೇ ಯಂತ್ರಕ್ಕೆ ಕೊಟ್ಟ. ತುಂಬಾ ಹೊತ್ತು ಹಿಡಿಯಿತು. ಮೊದಲು ಹಾಲಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಹಾರ್ವಿ ಬೇಕೆಂದೇ ದೊಡ್ಡ ದನಿಯಲ್ಲಿ ತನ್ನ ಹೋರಿಯ ಕಥೆ ತೆಗೆದ, ಉಳಿದವರು ದನಿಗೂಡಿಸಿದರು, ಹಾಲು ಎಂದಿನಂತಾಯಿತು. ಎಲ್ಡನ್ ಎದ್ದು, ಗುರುತು ಕಾಣದಂತೆ ಲಕೋಟೆಯಲ್ಲಿಟ್ಟ ಕಾಗದವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಪೆಟ್ಟಿಗೆಯ ಸೀಳನ್ನು ತಡಕಿ, ತಾನೇ ಒಳಗೆ ಹಾಕಿದ.

ಅವನು ಅಡಿಗೆಯ ಕಡೆ ಬಂದಾಗ ಹಾರ್ವಿಗೆ ಸುಮ್ಮನಿರಲು ಆಗಲಿಲ್ಲ.

"ಯಾರಿಗೆ ಹಾಕಿದೆಯೋ, ಎಲ್ಡನ್?"

"ಹೇಳಲ್ಲ," ಎಂದ ಎಲ್ಡನ್.

ಹೇಳಿದ ರೀತಿಯನ್ನು ನಾನು ಬರೆಯಲಾರೆ. ಕೋಪವಿರಲಿಲ್ಲ, ಬಿಗುಮಾನವೂ ಇರಲಿಲ್ಲ. ಬಹಳ ದಿನ ಬೇಕು ಬೇಕೆಂದುಕೊಂಡ ಒಂದು ವಸ್ತುವನ್ನು ಅಂಗಡಿಯಲ್ಲಿ ಕೈಗೆತ್ತಿಕೊಂಡವನ ಹಾಗಿದ್ದ. ಹಾರ್ವಿ ನಕ್ಕು ಅವನ ಕೈಗೆ ಬನ್ನಿನ ತಟ್ಟೆ ಕೊಟ್ಟ. ನಾನು ಮತದಾರರ ಸಹಿ ಪುಸ್ತಕದ ಮೇಲೆ ಬಗ್ಗಿದೆ, ಏಕೆಂದರೆ ಮತಗಟ್ಟೆಯ ಮುಖ್ಯಸ್ಥೆ ಅಳುತ್ತಾ ಕೂರಬಾರದು.

ಕೌಂಟಿಯಲ್ಲಿ ಪ್ರೂಯಿಟ್ ಸ್ವಲ್ಪದರಲ್ಲಿ ಗೆದ್ದ. ನಮ್ಮ ಹಾಲಿನಲ್ಲಿ ಚೋಸ್‌ಗೆ ನಾಲ್ಕಾರು ಓಟು ಹೆಚ್ಚು ಬಿತ್ತು. ಎಣಿಸುವಾಗ ನೀಟಾದ ಮತಪತ್ರಗಳದೇ ಒಂದು ರಾಶಿಯಾಗಿತ್ತಂತೆ, ಎರಡೂ ಕಡೆಯವು ಅದರಲ್ಲಿದ್ದವಂತೆ. ಅವುಗಳಲ್ಲಿ ಎಲ್ಡನ್‌ನದು ಯಾವುದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅರ್ಡಿಸ್‌ಗೂ, ನನಗೂ.

ಆಮೇಲೆ ರಾಜ್ಯದ ಕಚೇರಿಯ ಒಬ್ಬ ಹುಡುಗಿ ಅರ್ಡಿಸ್‌ಗೆ ಫೋನ್ ಮಾಡಿದಳು. ಒಂದೊಂದು ಮತಗಟ್ಟೆಯಲ್ಲಿ ಯಂತ್ರವನ್ನು ಎಷ್ಟು ಜನ ಬಳಸಿದರು ಎಂದು ವಾಷಿಂಗ್ಟನ್ನಿಗೆ ತಿಳಿಸಬೇಕಿತ್ತು. ಡ್ರೈ ಫೋರ್ಕ್‌ನ ಸಂಖ್ಯೆ ನೋಡಿ ಆ ಹುಡುಗಿ ಗಾಬರಿಯಾಗಿದ್ದಳು. ಅಷ್ಟು ಚಿಕ್ಕ ಊರಿನಲ್ಲಿ ಅಷ್ಟೊಂದು ಜನ ಅಂಗವಿಕಲರಿದ್ದಾರಾ ಎಂದು ಕೇಳಿದಳು.

"ಅಲ್ಲಿ ಓಟು ಹಾಕಿದೋರೆಲ್ಲ ಮತದಾರರಮ್ಮ," ಎಂದಳಂತೆ ಅರ್ಡಿಸ್. "ಅದಕ್ಕಿಂತ ಹೆಚ್ಚು ನಾವು ಕೇಳಲಿಲ್ಲ."

ಸಂಖ್ಯೆ ಸರಿಯಾಗಿದೆ, ಹಾಗೇ ಬರೆದುಕೊ ಎಂದು ಹೇಳಿ ಅವಳು ಫೋನ್ ಇಟ್ಟಳು.